ಮೂರು ಓಟ, ಹನ್ನೊಂದು ಫಾರಂ, ಒಂದು ಕುಕ್ಕರ್

ಮೊನ್ನೆ ನನ್ನ ಮೊದಲ ಕ್ರಾಸ್ ಕಂಟ್ರಿ, ಅಂದರೆ ಟ್ರ್ಯಾಕ್ ಬಿಟ್ಟು ಹುಲ್ಲು, ಕೆಸರಿನಲ್ಲಿ ಓಡುವ ಓಟದ ಸೀಸನ್ ಮುಗಿಯಿತು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಸ್ಪರ್ಧೆಯಲ್ಲಿ ಓಡಿದ್ದು ಮೂರೇ ಸಲ, ಒಟ್ಟು 18 ಕಿಲೋಮೀಟರ್. ಅದಕ್ಕೆ ತುಂಬಿದ ಫಾರಂ ಹನ್ನೊಂದು. ಓಟ ಕಷ್ಟ ಅಂತ ಗೊತ್ತಿತ್ತು. ಫಾರಂ ಇಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ.

ಹೇಳೋಕೆ ಯಾರೂ ಇರಲೂ ಇಲ್ಲ ಅನ್ನಿ. ನಮ್ಮ ಧಾರವಾಡದಲ್ಲಿ ನನಗೆ ಗೊತ್ತಿದ್ದ, ಅಮೆರಿಕಕ್ಕೆ ಹೋದವರೆಲ್ಲ ಎಂ.ಎಸ್. ಮಾಡಲು ಹೋದವರು. ಅಲ್ಲಿ ಕಾಲೇಜು ತಂಡದಲ್ಲಿ ಆಡಿದವರು ಒಬ್ಬರೂ ಸಿಗಲಿಲ್ಲ. ಹಾಗಾಗಿ ಪಿಯುಸಿ ಮುಗಿಸಿ ಅಮೆರಿಕದ ಸಣ್ಣ ಕಾಲೇಜಿಗೆ ಹೊರಟು, ಆಟವನ್ನೂ ಬಿಡಬಾರದು ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಶ್ವವಿದ್ಯಾಲಯ ಓಹಾಯೋ ರಾಜ್ಯದಲ್ಲಿದೆ. ಹೆಸರು ಬೇಡ. ವಿದ್ಯಾರ್ಥಿಗಳು 2,000ಕ್ಕಿಂತ ಕಡಿಮೆ, ಸುತ್ತ ಜೋಳದ ಹೊಲ. ನಮ್ಮ ಬಿಳಿಜೋಳ ಅಂದುಕೊಳ್ಳಬೇಡಿ, ಗೋವಿನಜೋಳ. ಇಷ್ಟು ಸಣ್ಣ ಕಡೆ ಇಪ್ಪತ್ತಕ್ಕೂ ಹೆಚ್ಚು ತಂಡಗಳು! ಮೊದಲು ನನಗೆ ಇದು ಅರ್ಥವೇ ಆಗಲಿಲ್ಲ. ಆಮೇಲೆ ತಿಳಿಯಿತು. ಇಂಥ ಕಾಲೇಜುಗಳಿಗೆ ಆಟ ಅಂದರೆ ಅಡ್ಮಿಷನ್. ಆಡುವ ಆಸೆಗೆ ಬರುವ ಹುಡುಗ ಹುಡುಗಿಯರು ಫೀ ಕಟ್ಟಿ ಓದುತ್ತಾರೆ, ಕಾಲೇಜು ನಡೆಯುತ್ತದೆ. ನನ್ನ ಹಾಸ್ಟೆಲ್ ಮಹಡಿಯಲ್ಲಿ ಮೂವರಲ್ಲಿ ಒಬ್ಬರು ಯಾವುದೋ ಒಂದು ತಂಡದಲ್ಲಿದ್ದಾರೆ.

ಇಲ್ಲಿ ಆಟದಲ್ಲಿ ಮೂರು ಅಂತಸ್ತು ಇದೆ, ಅದನ್ನು ಮೊದಲೇ ತಿಳಿದುಕೊಳ್ಳಿ. ವಾರ್ಸಿಟಿ ಅಂದರೆ ವಿಶ್ವವಿದ್ಯಾಲಯದ ಅಧಿಕೃತ ತಂಡ. ಸಂಬಳದ ಕೋಚ್, ಸಮವಸ್ತ್ರ, ಬಸ್ಸು, ವೈದ್ಯರು ಎಲ್ಲ ಕಾಲೇಜಿನದು. ನಿಯಮ ಮಾತ್ರ ಎನ್‌ಸಿಎಎ ಅನ್ನೋ ರಾಷ್ಟ್ರೀಯ ಸಂಸ್ಥೆಯದು. ಕ್ಲಬ್ ಅಂದರೆ ವಿದ್ಯಾರ್ಥಿಗಳೇ ಕಟ್ಟಿ ನಡೆಸುವ ತಂಡ. ಅವರೂ ಬೇರೆ ಕಾಲೇಜುಗಳ ಮೇಲೆ ಆಡುತ್ತಾರೆ, ಆದರೆ ದುಡ್ಡು ಚಂದಾದಿಂದ ಮತ್ತು ವಿದ್ಯಾರ್ಥಿ ಸಂಘದ ಅನುದಾನದಿಂದ. ಮೂರನೆಯದು ಇಂಟ್ರಾಮ್ಯುರಲ್. ಹಾಸ್ಟೆಲ್ ಹುಡುಗರು ಸಂಜೆ ತಮ್ಮತಮ್ಮಲ್ಲೇ ಆಡೋದು, ಗೆದ್ದರೆ ಒಂದು ಟೀ ಶರ್ಟ್.

ಎನ್‌ಸಿಎಎಯಲ್ಲಿ 1973ರಿಂದ ಮೂರು ಡಿವಿಷನ್ ಇವೆ. ಟಿವಿಯಲ್ಲಿ ಕಾಣುವ ದೊಡ್ಡ ಕ್ರೀಡಾಂಗಣ, ಲಕ್ಷ ಜನ, ಅದೆಲ್ಲ ಡಿವಿಷನ್ ಒಂದರದು. ನಮ್ಮದು ಡಿವಿಷನ್ ಮೂರು. ಇಂಥ ಕಾಲೇಜುಗಳು 400ಕ್ಕೂ ಹೆಚ್ಚು. ಇಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಒಂದು ಪೈಸೆಯೂ ಇಲ್ಲ, ಕೊಡುವಂತೆಯೇ ಇಲ್ಲ. ಅಂಕ ನೋಡಿ ಕೊಡುವ ನೆರವು ಬೇರೆ, ಅದು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಲೆಕ್ಕ. ನಮ್ಮ ಕಡೆ ಆಟ ಅಂದ ಕೂಡಲೇ ಸ್ಪೋರ್ಟ್ಸ್ ಕೋಟಾ ನೆನಪಾಗುತ್ತದಲ್ವಾ? ಅಪ್ಪನೂ ಅದನ್ನೇ ಕೇಳಿದರು.

"ಓಡಿದ್ರ ಫೀ ಏನರ ಕಡಿಮಿ ಮಾಡ್ತಾರೇನವಾ?"

"ಇಲ್ಲಪ್ಪಾ."

"ಹಂಗಾರ ಯಾಕ ಓಡ್ತಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಕೆಲಗೇರಿ ಕೆರೆಯ ಕಡೆ ಓಡದಿದ್ದರೆ ಆ ದಿನ ನನಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ.

ಕೋಚ್‌ಗೆ ಮೊದಲ ಇಮೇಲ್ ಬರೆದದ್ದು ಜನವರಿಯಲ್ಲಿ. ಸೀಟು ಸಿಕ್ಕಿತ್ತು. ನಾನು ಅವರು ಹುಡುಕಿ ಕರೆದ ಓಟಗಾರ್ತಿ ಅಲ್ಲ, ತಾನಾಗಿ ಬಾಗಿಲು ತಟ್ಟಿದವಳು. ಇಂಥವರಿಗೆ ಇಲ್ಲಿ 'ವಾಕ್ ಆನ್' ಅನ್ನುತ್ತಾರೆ. ನನ್ನ ಸಾಧನೆಯ ಪಟ್ಟಿಯನ್ನು ಹೆಮ್ಮೆಯಿಂದ ಕಳಿಸಿದೆ: ಪಿಯು ಜಿಲ್ಲಾ ಕ್ರೀಡಾಕೂಟದಲ್ಲಿ 3,000 ಮೀಟರ್‌ನಲ್ಲಿ ಎರಡನೇ ಸ್ಥಾನ, ತಾಲ್ಲೂಕಿನಲ್ಲಿ ಎರಡು ವರ್ಷ ಮೊದಲ ಸ್ಥಾನ. ಎಲ್ಲ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಲಗತ್ತಿಸಿದೆ. ಮೂರು ದಿನದಲ್ಲಿ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಕೊನೆಯಲ್ಲಿ ಒಂದೇ ಸಾಲು: ಟೈಮ್ ಎಷ್ಟು?

ಪ್ರಮಾಣಪತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೆಸರಿದೆ, ಸ್ಥಾನ ಇದೆ, ಪ್ರಾಂಶುಪಾಲರ ಸಹಿ ಇದೆ, ಸೀಲಿದೆ. ಟೈಮ್ ಎಲ್ಲೂ ಇಲ್ಲ. ಮೊದಲು ಬಂದವರು ಯಾರು ಅಂತ ನೋಡುತ್ತಾರೆಯೇ ಹೊರತು ಎಷ್ಟು ಹೊತ್ತಿಗೆ ಬಂದರು ಅಂತ ಬರೆದಿಡುವ ರೂಢಿ ನಮ್ಮ ತಾಲ್ಲೂಕು, ಜಿಲ್ಲಾ ಕೂಟಗಳಲ್ಲಿ ಕಡಿಮೆ. ಇಲ್ಲಿನವರಿಗೆ ಸ್ಥಾನದಿಂದ ಏನೂ ತಿಳಿಯುವುದಿಲ್ಲ. ಧಾರವಾಡ ಜಿಲ್ಲೆಯಲ್ಲಿ ಎರಡನೇಯವಳು ಅಂದರೆ ಓಹಾಯೋದ ಕೋಚ್‌ಗೆ ಅದು ವೇಗವೋ ನಿಧಾನವೋ ಹೇಗೆ ಗೊತ್ತಾಗಬೇಕು?

ಕೊನೆಗೆ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಒಂದು ಭಾನುವಾರ ಬೆಳಗ್ಗೆ ಸುಮ್ನೆ ಒಬ್ಬಳೇ ಓಡಿದೆ. ತಮ್ಮ ಮೊಬೈಲ್‌ನಲ್ಲಿ ವಿಡಿಯೋ ಮಾಡಿದ. 5,000 ಮೀಟರ್, ಹನ್ನೆರಡೂವರೆ ಸುತ್ತು, 21 ನಿಮಿಷ 48 ಸೆಕೆಂಡ್. ಹತ್ತನೇ ಸುತ್ತಿನಲ್ಲಿ ತಮ್ಮ ಬೇಜಾರಾಗಿ ಕ್ಯಾಮೆರಾವನ್ನು ನಾಯಿಯ ಕಡೆ ತಿರುಗಿಸಿದ್ದಾನೆ. ಆದರೂ ಕೋಚ್ ಒಪ್ಪಿದರು. ಜೊತೆಗೆ ಮೈಲಿಯ ಟೈಮ್ ಕೂಡ ಕೇಳಿದರು. ಒಂದು ಮೈಲಿ ಅಂದರೆ 1,609 ಮೀಟರ್, 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತಿಗೆ ಒಂಬತ್ತು ಮೀಟರ್ ಜಾಸ್ತಿ. ನೀವು ಈಗ ಪಿಯುಸಿಯಲ್ಲಿದ್ದರೆ ಇವತ್ತಿನಿಂದಲೇ ನಿಮ್ಮ ಟೈಮ್ ಬರೆದಿಡಿ. ಓಟ ಮುಗಿದ ಕೂಡಲೇ ಟೈಮ್‌ಕೀಪರ್ ಹಾಳೆಯ ಫೋಟೋ ತೆಗೆದುಕೊಳ್ಳಿ. ಪ್ರಮಾಣಪತ್ರಕ್ಕಿಂತ ಅದಕ್ಕೆ ಬೆಲೆ.

ಮಾರ್ಚ್‌ನಲ್ಲಿ ಕೋಚ್ ಬರೆದರು: ಬಾ, ಆಗಸ್ಟ್‌ನಲ್ಲಿ ತಂಡದ ಜೊತೆ ತರಬೇತಿ ಶುರು ಮಾಡು, ಆದರೆ ಅದಕ್ಕೆ ಮೊದಲು ಕೆಲವು ಕಾಗದ ಪತ್ರ ಆಗಬೇಕು. 'ಕೆಲವು' ಅನ್ನೋ ಪದ ಅವರು ಬಳಸಿದ್ದು.

ಮೊದಲನೆಯದು ಹವ್ಯಾಸಿ ಆಟಗಾರ್ತಿ, ಅಂದರೆ ದುಡ್ಡಿಗಾಗಿ ಆಡುವವಳಲ್ಲ ಅನ್ನೋ ಪ್ರಮಾಣ. ಹೊರದೇಶದಿಂದ ಹೊಸದಾಗಿ ಬರುವ ಆಟಗಾರರು ಡಿವಿಷನ್ ಮೂರಕ್ಕೂ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ (ಆಟಗಾರರ ಅರ್ಹತೆ ನೋಡುವ ಕಚೇರಿ) ಇದನ್ನು ಮಾಡಿಸಲೇಬೇಕು ಅನ್ನೋ ನಿಯಮ 2023ರ ಆಗಸ್ಟ್‌ನಿಂದ ಬಂದಿದೆ. ಆನ್‌ಲೈನ್ ಖಾತೆ ತೆರೆಯಬೇಕು. ಶುಲ್ಕ 70 ಡಾಲರ್ ಆಸುಪಾಸು. ಅಂಕಪಟ್ಟಿಯ ಪರಿಶೀಲನೆ ಇದರಲ್ಲಿ ಇಲ್ಲ, ಡಿವಿಷನ್ ಮೂರರಲ್ಲಿ ಓದಿನ ಅರ್ಹತೆ ನೋಡೋದು ಆಯಾ ಕಾಲೇಜು. ಖಾತೆಯಲ್ಲಿ ಎರಡು ಮೂರು ಬಗೆ ಇವೆ. ಯಾವುದು ಬೇಕು ಅಂತ ಕಾಲೇಜಿನ ಕಂಪ್ಲಯನ್ಸ್ ಅಧಿಕಾರಿಯನ್ನು (ಎನ್‌ಸಿಎಎ ನಿಯಮ ಪಾಲನೆ ನೋಡುವವರು) ಕೇಳದೆ ದುಡ್ಡು ಕಟ್ಟಬೇಡಿ.

ಹೆಸರಿನಲ್ಲೇ ಮೊದಲ ಮುಗ್ಗರಿಕೆ. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೂ ಮನೆತನದ ಹೆಸರೂ ಬಿಡಿಸಿ ಬರೆದಿದ್ದಾರೆ. ಕಾಲೇಜಿನ ದಾಖಲೆಯಲ್ಲಿ ಮೂರನೇ ಥರ. ಎನ್‌ಸಿಎಎ ಖಾತೆಯ ನನ್ನನ್ನು ಕಾಲೇಜಿನ ನನ್ನ ಜೊತೆ ಜೋಡಿಸಲು ಹನ್ನೆರಡು ದಿನ ಹಿಡಿಯಿತು. ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ, ಒಂದು ಅಕ್ಷರ ಆಚೀಚೆ ಇಲ್ಲದೆ ಬರೆಯಿರಿ.

ಆಮೇಲೆ ಪ್ರಶ್ನೆಗಳು. ಯಾವ ಯಾವ ತಂಡಕ್ಕೆ ಆಡಿದ್ದೆ? ಏಜೆಂಟ್ ಇದ್ದಾನಾ? ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದೆಯಾ? ಹೈಸ್ಕೂಲು ಮುಗಿದ ಮೇಲೆ (ಅವರ ಹೈಸ್ಕೂಲು ಅಂದರೆ ನಮ್ಮ ಪಿಯುಸಿ) ಕಾಲೇಜಿಗೆ ಸೇರುವ ತನಕ ಏನು ಮಾಡಿದೆ? ಇದಕ್ಕೆಲ್ಲ ಇಲ್ಲ, ಇಲ್ಲ ಅಂತ ಹಾಕುತ್ತಾ ಹೋದೆ. ಬಹುಮಾನದ ಹಣ ಏನಾದರೂ ಪಡೆದಿದ್ದೀಯಾ ಅನ್ನುವಲ್ಲಿ ಕೈ ನಿಂತಿತು.

ಎರಡು ವರ್ಷದ ಹಿಂದೆ ರಾಜ್ಯೋತ್ಸವದ ಓಟ ಒಂದರಲ್ಲಿ ಮಹಿಳೆಯರ ವಿಭಾಗದಲ್ಲಿ ಮೊದಲು ಬಂದಿದ್ದೆ. ಮೂರು ಸಾವಿರ ರೂಪಾಯಿ ನಗದು, ಜೊತೆಗೆ ಐದು ಲೀಟರಿನ ಒಂದು ಪ್ರೆಶರ್ ಕುಕ್ಕರ್. ಪುರುಷರ ವಿಭಾಗದಲ್ಲಿ ಗೆದ್ದವನಿಗೆ ಸೈಕಲ್ ಕೊಟ್ಟಿದ್ದರು, ಅದು ಬೇರೆ ಸಿಟ್ಟು.

ಮನೆಯಲ್ಲಿ ಚರ್ಚೆ ನಡೆಯಿತು. ಅಪ್ಪನ ಮಾತು: "ಕುಕ್ಕರ್ ಸುದ್ದಿ ಯಾಕ ಬರೀತಿ? ಅಮೆರಿಕಾದಾವ್ರು ಬಂದು ನಮ್ಮ ಅಡಗಿಮನಿ ನೋಡ್ತಾರೇನು?" ಅವ್ವ ಒಳಗಿನಿಂದಲೇ, "ವಾಪಸ್ ಕೇಳಿದ್ರ ನಾ ಅಂತೂ ಕೊಡಾಂಗಿಲ್ಲ."

ನಾನು ಬರೆದೆ. ನಗದು ಇಷ್ಟು, ಕುಕ್ಕರ್ ಒಂದು, ಅಂದಾಜು ಬೆಲೆ ಇಷ್ಟು. ಎಂಟು ದಿನ ಬಿಟ್ಟು ಮರುಪ್ರಶ್ನೆ ಬಂತು: ಆ ಸ್ಪರ್ಧೆಗೆ ನೀನು ಮಾಡಿದ ಖರ್ಚು ಎಷ್ಟು, ಹಣ ಕೊಟ್ಟವರು ಯಾರು, ಆ ವಸ್ತು ಏನು? ಪ್ರೆಶರ್ ಕುಕ್ಕರ್ ಅಂದರೆ ಏನು, ಅದು ಯಾಕೆ ಓಟದ ಬಹುಮಾನ ಅಂತ ಒಂದು ಪುಟ ಇಂಗ್ಲಿಷಿನಲ್ಲಿ ವಿವರಿಸಿದೆ. ಪ್ರವೇಶ ಶುಲ್ಕ, ಬಸ್ ಚಾರ್ಜು, ಬೂಟು ಎಲ್ಲ ಲೆಕ್ಕ ಕೊಟ್ಟೆ. ನೀವೂ ಇಂಥದ್ದು ಏನೇ ಇದ್ದರೂ ಮುಚ್ಚಿಡಬೇಡಿ. ಸ್ಥಳೀಯ ಪತ್ರಿಕೆಯಲ್ಲಿ ಬಂದ ಫೋಟೋ ಇಂಟರ್‌ನೆಟ್‌ನಲ್ಲಿ ಇದ್ದೇ ಇರುತ್ತದೆ. ಆಮೇಲೆ ಗೊತ್ತಾದರೆ ನಮ್ಮ ಜೊತೆ ತಂಡಕ್ಕೂ ತೊಂದರೆ.

ಇದರ ಉತ್ತರಕ್ಕೆ ಕಾಯುತ್ತಲೇ ಜೂನ್ ಬಂತು. ವೈದ್ಯಕೀಯ ಕಾಗದಗಳ ಸರದಿ. ಎರಡು ಬೇಕು. ಒಂದು ದೇಹದ ತಪಾಸಣೆ, ಆಟ ಶುರುವಾಗುವ ಮೊದಲಿನ ಆರು ತಿಂಗಳ ಒಳಗೆ ಆಗಿರಬೇಕು. ಇನ್ನೊಂದು ಸಿಕಲ್ ಸೆಲ್ ಪರೀಕ್ಷೆ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಈ ಗುಣ ಇರುವವರಿಗೆ ಅತಿ ಶ್ರಮದ ಓಟದಲ್ಲಿ ಜೀವಕ್ಕೇ ಅಪಾಯ ಆಗಬಹುದು, ಅದಕ್ಕೇ ಕೇಳುತ್ತಾರೆ. ನಮ್ಮಲ್ಲಿ ಇದನ್ನು ಸಾಮಾನ್ಯವಾಗಿ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಅಂತ ಮಾಡುತ್ತಾರೆ. ನನಗೆ 850 ರೂಪಾಯಿ ಆಯಿತು, ಮೂರು ದಿನಕ್ಕೆ ವರದಿ. ಇಲ್ಲಿಗೆ ಬಂದು ಮಾಡಿಸುವುದಕ್ಕಿಂತ ಅಲ್ಲೇ ಅಗ್ಗ, ಮಾಡಿಸಿಕೊಂಡೇ ಬನ್ನಿ.

ಮಾಡಿಸಿದೆ, ಅಪ್‌ಲೋಡ್ ಮಾಡಿದೆ, ತಿರಸ್ಕಾರ ಆಯಿತು. ಕಾರಣ: ಹುಟ್ಟಿದ ದಿನಾಂಕ ಇಲ್ಲ. ನಮ್ಮ ಲ್ಯಾಬ್ ವರದಿಗಳನ್ನು ನೋಡಿ, ಅದರಲ್ಲಿ ವಯಸ್ಸು ಹದಿನೆಂಟು, ಹೆಣ್ಣು ಅಂತ ಮಾತ್ರ ಇರುತ್ತದೆ. ಇಲ್ಲಿ ಹುಟ್ಟಿದ ದಿನಾಂಕ ಇಲ್ಲದ ವರದಿ ಯಾರದೋ ವರದಿ. ಅಪ್ಪ ಮೂರು ಸಲ ಲ್ಯಾಬಿಗೆ ಅಲೆದರು. ಅವರ ಕಂಪ್ಯೂಟರ್‌ನಲ್ಲಿ ಆ ಜಾಗವೇ ಇಲ್ಲವಂತೆ. ಕೊನೆಗೆ ಲೆಟರ್‌ಹೆಡ್ ಮೇಲೆ ಬರೆದು, ವೈದ್ಯರ ನೋಂದಣಿ ಸಂಖ್ಯೆ ಹಾಕಿ, ಸಹಿ ಮಾಡಿ ಕೊಟ್ಟರು. ಅದು ನಡೆಯಿತು.

ದೇಹದ ತಪಾಸಣೆಯ ಫಾರಂ ನಾಲ್ಕು ಪುಟ. ಕಾಲೇಜಿನದೇ ಫಾರಂ, ಹೃದಯದ ಬಗ್ಗೆಯೇ ಒಂದು ಪುಟ ಪ್ರಶ್ನೆ. ನಮ್ಮ ಡಾಕ್ಟರು ಚಿಕ್ಕಂದಿನಿಂದ ನನ್ನನ್ನು ನೋಡಿದವರು. ಪುಟ ತಿರುಗಿಸಿದರು, ಕೊನೆಯ ಪುಟದಲ್ಲಿ 'ಫಿಟ್' ಅಂತ ಬರೆದರು, ಸಹಿ ಹಾಕಿದರು, ಫೀ ಕೂಡ ತೆಗೆದುಕೊಳ್ಳಲಿಲ್ಲ. ಆ ಪ್ರೀತಿಗೆ ನಾನು ಆಗಸ್ಟ್‌ನಲ್ಲಿ ಬೆಲೆ ತೆತ್ತೆ. ಒಂದೊಂದು ಚೌಕವನ್ನೂ ತುಂಬಿಸಿಕೊಳ್ಳಿ, ಸಂಕೋಚ ಬೇಡ.

ಇದರ ನಡುವೆ ಟಿಕೆಟಿನ ಎಡವಟ್ಟು. ತರಗತಿ ಶುರುವಾಗುವುದು ಆಗಸ್ಟ್ ಕೊನೆಯ ವಾರ. ಅದಕ್ಕೆ ತಕ್ಕಂತೆ ವಿಮಾನ ಬುಕ್ ಮಾಡಿದ್ದೆವು. ಆದರೆ ಶರತ್ಕಾಲದ ತಂಡಗಳು ಎರಡು ವಾರ ಮೊದಲೇ ಸೇರುತ್ತವೆ. ಇದನ್ನು ನನಗೆ ಹೇಳಿದ್ದು ಜುಲೈನಲ್ಲಿ. ಟಿಕೆಟ್ ಬದಲಿಸಲು 16,000 ರೂಪಾಯಿ ಹೋಯಿತು. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದವರು, ಕಾಲೇಜು ಕೊಡುವ ಐ-20 ಅನ್ನೋ ಪ್ರವೇಶ ಪತ್ರದಲ್ಲಿರುವ ಶುರುವಿನ ದಿನಾಂಕಕ್ಕಿಂತ 30 ದಿನ ಮೊದಲು ಮಾತ್ರ ದೇಶದ ಒಳಗೆ ಬರಬಹುದು, ಅದಕ್ಕೂ ಮುಂಚೆ ಆಗದು. ನನ್ನದು ಹೇಗೋ ಹೊಂದಿತು. ತರಬೇತಿಯ ದಿನಾಂಕ, ಐ-20 ದಿನಾಂಕ, ಹಾಸ್ಟೆಲ್ ತೆರೆಯುವ ದಿನಾಂಕ, ಮೂರನ್ನೂ ಪಕ್ಕಪಕ್ಕ ಬರೆದುಕೊಂಡ ಮೇಲೆ ಟಿಕೆಟ್ ತೆಗೆಯಿರಿ.

ಆಗಸ್ಟ್ ಎರಡನೇ ವಾರ ಇಳಿದೆ. ಮರುದಿನ ಬೆಳಗ್ಗೆ ಆರೂವರೆಗೆ ತಂಡದ ಹುಡುಗಿಯರು ಹುಲ್ಲಿನ ಮೇಲೆ ಮೈ ಸಡಿಲ ಮಾಡಿಕೊಳ್ಳುತ್ತಿದ್ದರು. ನಾನೂ ಬೂಟು ಕಟ್ಟಿಕೊಂಡು ಹೋದೆ. ಕೋಚ್ ನಕ್ಕು ಕೈ ಕುಲುಕಿದರು, ಆಮೇಲೆ ಮೆಲ್ಲಗೆ, ನೀನಿನ್ನೂ ಕ್ಲಿಯರ್ ಆಗಿಲ್ಲ, ಬೆಂಚಿನ ಮೇಲೆ ಕೂತುಕೋ ಅಂದರು.

ಕ್ಲಿಯರ್ ಮಾಡುವವರು ಕೋಚ್ ಅಲ್ಲ, ಅಥ್ಲೆಟಿಕ್ ಟ್ರೇನರ್. ಟ್ರೇನರ್ ಅಂದರೆ ತರಬೇತಿ ಕೊಡುವವರು ಅಂದುಕೊಂಡಿದ್ದೆ. ಇಲ್ಲಿ ಅವರು ಪರವಾನಗಿ ಇರುವ ಆರೋಗ್ಯ ಸಿಬ್ಬಂದಿ. ಗಾಯ ನೋಡೋದು, ಟೇಪ್ ಸುತ್ತೋದು, ಆಡಬಹುದೋ ಬೇಡವೋ ಹೇಳೋದು ಅವರ ಕೆಲಸ. ಕೋಚ್ ಕೂಡ ಅವರ ಮಾತು ಮೀರುವ ಹಾಗಿಲ್ಲ. ಅವರು ನನ್ನ ಫಾರಂ ತೆರೆದು ಮೂರು ಖಾಲಿ ಪುಟ ತೋರಿಸಿದರು. ಹೊಸ ತಪಾಸಣೆಗೆ ಕ್ಯಾಂಪಸ್ ಕ್ಲಿನಿಕ್‌ನಲ್ಲಿ ಒಂಬತ್ತು ದಿನದ ನಂತರದ ಸಮಯ ಸಿಕ್ಕಿತು, 45 ಡಾಲರ್. ತಲೆಗೆ ಪೆಟ್ಟಾದಾಗ ಹೋಲಿಸಿ ನೋಡಲು ಅಂತ ಕಂಪ್ಯೂಟರ್ ಮುಂದೆ ಅರ್ಧ ಗಂಟೆ ನೆನಪಿನ ಪರೀಕ್ಷೆ ತೆಗೆದುಕೊಂಡರು. ಉದ್ದೀಪನ ಮದ್ದಿನ ಪರೀಕ್ಷೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿದರು. ಏನೇನು ಪುಡಿ, ಗುಳಿಗೆ, ಲೇಹ ತಿನ್ನುತ್ತೀಯ ಬರಿ ಅಂದರು. ಅವ್ವ ಕಟ್ಟಿಕೊಟ್ಟಿದ್ದ ಚ್ಯವನಪ್ರಾಶ ಅಂತ ಬರೆದೆ. ಅದರಲ್ಲಿ ಏನೇನಿದೆ ಅಂತ ಕೇಳಿದರು. ಡಬ್ಬಿ ತಂದು ತೋರಿಸಿದೆ. ಹಿಂದಿನ ಪಟ್ಟಿಯಲ್ಲಿ ನಲವತ್ತಕ್ಕೂ ಜಾಸ್ತಿ ಗಿಡಮೂಲಿಕೆ. ಅವರು ಹತ್ತು ಹೆಸರು ಹುಡುಕಿ ಸುಸ್ತಾಗಿ, ಸೀಸನ್ ಮುಗಿಯುವ ತನಕ ಬೇಡ ಅಂತ ತೀರ್ಮಾನಿಸಿದರು. ಡಬ್ಬಿ ಈಗಲೂ ನನ್ನ ಕಪಾಟಿನಲ್ಲಿದೆ.

ಕಾಗದಗಳ ಪೈಕಿ ನನ್ನನ್ನು ನಿಜಕ್ಕೂ ಅಳಿಸಿದ್ದು ವಿಮೆ. ಹೊರದೇಶದ ವಿದ್ಯಾರ್ಥಿಗಳಿಗೆ ಕಾಲೇಜೇ ಕಡ್ಡಾಯವಾಗಿ ಆರೋಗ್ಯ ವಿಮೆ ಹಚ್ಚಿರುತ್ತದೆ, ದುಡ್ಡು ಕಟ್ಟಿಯೂ ಆಗಿತ್ತು. ಇನ್ನೇನು ಅಂತ ನಿಶ್ಚಿಂತೆಯಿಂದ ಕಾರ್ಡು ತೋರಿಸಿದೆ. ಆ ವಿಮೆಯ ಪುಸ್ತಕದಲ್ಲಿ, 38ನೇ ಪುಟದಲ್ಲಿ, ಒಂದು ಸಾಲಿದೆ: ಅಂತರ ಕಾಲೇಜು ಕ್ರೀಡೆಯಲ್ಲಿ ಆದ ಗಾಯಕ್ಕೆ ಈ ವಿಮೆ ಅನ್ವಯಿಸುವುದಿಲ್ಲ. ಅಂದರೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದರೆ ಕೊಡುತ್ತಾರೆ, ತಂಡಕ್ಕೆ ಓಡುವಾಗ ಮುರಿದರೆ ಇಲ್ಲ. ಎನ್‌ಸಿಎಎಯದೇ ಒಂದು ದೊಡ್ಡ ವಿಮೆ ಇದೆ, ಆದರೆ ಅದು ಖರ್ಚು 90,000 ಡಾಲರ್ ದಾಟಿದ ಮೇಲೆ ಶುರು. ಅದರ ಕೆಳಗಿನದಕ್ಕೆ ವಿಮೆ ಇದೆ ಅಂತ ಖಾತ್ರಿ ಆಗದೆ ಅಭ್ಯಾಸಕ್ಕೂ ಇಳಿಸುವ ಹಾಗಿಲ್ಲ. ಅಮೆರಿಕದ ಹುಡುಗಿಯರಿಗೆ ಅಪ್ಪ ಅಮ್ಮನ ವಿಮೆ ಇರುತ್ತದೆ. ನನಗೆ?

ಐದು ದಿನ ಎರಡು ಕಚೇರಿಗಳ ನಡುವೆ ಓಡಾಡಿದೆ. ವಿದೇಶಿ ವಿದ್ಯಾರ್ಥಿಗಳ ಕಚೇರಿ, ಇದು ಕ್ರೀಡಾ ವಿಭಾಗದ ವಿಷಯ ಅಂದಿತು. ಕ್ರೀಡಾ ವಿಭಾಗ, ಇದು ವಿದೇಶಿ ವಿದ್ಯಾರ್ಥಿಗಳ ವಿಷಯ ಅಂದಿತು. ರಾತ್ರಿ ಮನೆಗೆ ಫೋನ್ ಮಾಡಿ ಅತ್ತೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಓಡಾಕ ಇಷ್ಟೆಲ್ಲಾ ಬೇಕೇನು? ನಮ್ಮ ಕೆರಿಗೆ ಯಾರು ವಿಮಾ ಕೇಳ್ತಿದ್ರು?" ಅಂದರು. ಅಳುತ್ತಲೇ ನಗು ಬಂತು. ಕೊನೆಗೆ ಕ್ರೀಡೆಗೆಂದೇ ಇರುವ ಪೂರಕ ವಿಮೆ ಕೊಂಡೆ, ಸೆಮಿಸ್ಟರ್‌ಗೆ 210 ಡಾಲರ್. ಇಡೀ ಪ್ರಯಾಣದಲ್ಲಿ ಟಿಕೆಟ್ ಬಿಟ್ಟರೆ ಇದೇ ದೊಡ್ಡ ಖರ್ಚು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸೀಟು ಒಪ್ಪಿಕೊಳ್ಳುವ ಮೊದಲೇ ಕೇಳಿ: ನಿಮ್ಮ ವಿದ್ಯಾರ್ಥಿ ವಿಮೆ ವಾರ್ಸಿಟಿ ಗಾಯವನ್ನು ಒಳಗೊಳ್ಳುತ್ತದಾ? ಉತ್ತರ ಬರವಣಿಗೆಯಲ್ಲಿ ಇರಲಿ.

ಹೀಗೆ ಸುಮಾರು ನಾಲ್ಕು ವಾರ ನಾನು ಬೆಂಚಿನ ಮೇಲೆ. ಹುಡುಗಿಯರು ಒಳ್ಳೆಯವರೇ, ಆದರೆ ಬೆವರದೆ ಪಕ್ಕದಲ್ಲಿ ಕೂತವಳ ಜೊತೆ ಎಷ್ಟು ಮಾತಾಡುತ್ತಾರೆ? ಅವರ ನಗು, ಅವರ ಹಳೆಯ ಜೋಕು ಯಾವುದೂ ನನಗೆ ಅಂಟಲಿಲ್ಲ.

ಆ ಹೊತ್ತಿಗೆ ಸಂಘಗಳ ಮೇಳ ಬಂತು. ಹುಲ್ಲುಹಾಸಿನ ಮೇಲೆ ಸಾಲು ಮೇಜು, ಒಂದೊಂದು ಕ್ಲಬ್ಬಿಗೆ ಒಂದೊಂದು. ಒಬ್ಬಳು ಕೈಗೆ ಬಿಳಿ ತಟ್ಟೆ ಕೊಟ್ಟು ಎಸಿ ಅಂದಳು. ಎಸೆದೆ. ಅದು ಅಡ್ಡಡ್ಡ ಹೋಗಿ ಚೆಸ್ ಕ್ಲಬ್ಬಿನ ಮೇಜಿಗೆ ಬಡಿಯಿತು. "ಓಡಲು ಬರುತ್ತದಾ?" ಅಂತ ಕೇಳಿದಳು. ಬರುತ್ತದೆ ಅಂದೆ. ನಾಳೆ ಸಂಜೆ ಬಾ ಅಂದಳು. ಅಲ್ಟಿಮೇಟ್ ಫ್ರಿಸ್ಬಿ ಕ್ಲಬ್ಬಿಗೆ ಸೇರಲು ನಾನು ತುಂಬಿದ್ದು ಒಂದೇ ಹಾಳೆ: ಪೆಟ್ಟಾದರೆ ಕಾಲೇಜು ಹೊಣೆ ಅಲ್ಲ ಅನ್ನೋ ಒಪ್ಪಿಗೆ. ಚಂದಾ ವರ್ಷಕ್ಕೆ 80 ಡಾಲರ್. ಇಷ್ಟೇನಾ ಅಂತ ಎರಡು ಸಲ ಕೇಳಿದೆ. ಕ್ಲಬ್ ಕ್ರೀಡೆಗೆ ಆ 38ನೇ ಪುಟದ ಸಾಲು ಅನ್ವಯಿಸುವುದಿಲ್ಲ, ನನ್ನ ಮಾಮೂಲಿ ವಿಮೆಯೇ ಸಾಕು ಅಂತ ಪುಸ್ತಕ ಓದಿ ಖಾತ್ರಿ ಮಾಡಿಕೊಂಡೆ. ನಿಮ್ಮದರಲ್ಲಿ ಹೇಗಿದೆಯೋ ನೀವೂ ಓದಿಕೊಳ್ಳಿ. ಜೊತೆಗೆ ಟ್ರೇನರ್‌ಗೂ ಹೇಳಿದೆ.

ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು. 175 ಗ್ರಾಂ ತೂಕದ ತಟ್ಟೆ, ಒಂದೊಂದು ಕಡೆಗೆ ಏಳು ಜನ. ಕೈಯಲ್ಲಿ ತಟ್ಟೆ ಇದ್ದಾಗ ಓಡುವ ಹಾಗಿಲ್ಲ, ಎಸೆಯಬೇಕು. ಎದುರಾಳಿಯ ಕೊನೆಯ ಅಂಕಣದಲ್ಲಿ ಹಿಡಿದರೆ ಒಂದು ಅಂಕ. ಮತ್ತೆ ಈ ಆಟದಲ್ಲಿ ಅಂಪೈರೇ ಇಲ್ಲ. ಕಾಲೇಜು ಪಂದ್ಯದಲ್ಲೂ ಆಟಗಾರರೇ ಫೌಲ್ ಕರೆಯಬೇಕು, ಜಗಳ ಆದರೆ ತಾವೇ ಬಗೆಹರಿಸಿಕೊಳ್ಳಬೇಕು. ತಾಲ್ಲೂಕು ಮಟ್ಟದ ಕಬಡ್ಡಿ ನೋಡಿದ ನನಗೆ ಇದು ನಂಬಲಾಗದ ಮಾತು. ಆದರೆ ನಡೆಯುತ್ತದೆ. ಮೊದಲ ವಾರ ಒಬ್ಬಳಿಗೆ ನನ್ನ ಮೊಣಕೈ ತಾಗಿತು. ಅವಳು ಫೌಲ್ ಅಂದಳು, ನಾನು ಹೌದು ಅಂದೆ, ಆಟ ಮುಂದುವರಿಯಿತು. ಅಷ್ಟೇ!

ಕ್ಲಬ್ ಅಂದರೆ ಸುಲಭ ಅಂತಲ್ಲ. ಕೋಚ್ ಇಲ್ಲ, ಇಪ್ಪತ್ತು ವರ್ಷದ ನಾಯಕಿಯೇ ಎಲ್ಲ. ಮೈದಾನ ನಮಗೆ ಸಿಗುವುದು ವಾರ್ಸಿಟಿ ತಂಡಗಳು ಬಿಟ್ಟ ಮೇಲೆ, ರಾತ್ರಿ ಎಂಟೂವರೆಗೆ. ಟೂರ್ನಿಗೆ ಹೋಗಲು ಯಾರ ಕಾರು, ಪೆಟ್ರೋಲ್ ಯಾರದು, ಒಂದು ರೂಮಿನಲ್ಲಿ ಎಷ್ಟು ಜನ ಮಲಗೋದು, ಎಲ್ಲ ನಾವೇ. ವಿದ್ಯಾರ್ಥಿ ಸಂಘದ ಮುಂದೆ ಬಜೆಟ್ ಕೇಳಲು ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಕಳೆದ ವರ್ಷದ ಒಂದೊಂದು ರಸೀದಿಗೂ ಉತ್ತರ ಹೇಳಬೇಕು. ಲೆಕ್ಕ ನೀಟಾಗಿ ಬರೆಯುತ್ತಾಳೆ ಅಂತ ಈಗ ನನ್ನನ್ನೇ ಖಜಾಂಚಿ ಮಾಡಿದ್ದಾರೆ. ಎನ್‌ಸಿಎಎ ಫಾರಂ ತುಂಬಿ ಕಲಿತ ವಿದ್ಯೆ.

ಸೆಪ್ಟೆಂಬರ್ ಹತ್ತನೇ ತಾರೀಖಿನ ಹೊತ್ತಿಗೆ ತಪಾಸಣೆ, ವಿಮೆ ಎರಡೂ ಮುಗಿದು ಅಭ್ಯಾಸಕ್ಕೆ ಇಳಿದೆ. ಸ್ಪರ್ಧೆಗೆ ಇಳಿಯಲು ಇನ್ನೂ ಆ ಹವ್ಯಾಸಿ ಪ್ರಮಾಣ ಬೇಕಿತ್ತು. ತಂಡ ಎರಡು ಸ್ಪರ್ಧೆಗೆ ನನ್ನನ್ನು ಬಿಟ್ಟು ಹೋಯಿತು. ದಿನಕ್ಕೆ ನಾಲ್ಕು ಸಲ ಆ ಖಾತೆ ತೆರೆದು ನೋಡುತ್ತಿದ್ದೆ. ಮೇ ತಿಂಗಳಲ್ಲಿ ಶುರುವಾದದ್ದು ಸೆಪ್ಟೆಂಬರ್ 24ಕ್ಕೆ ಮುಗಿಯಿತು. ಒಂದು ಸಾಲಿನ ಸಂದೇಶ: ಪ್ರಮಾಣೀಕರಿಸಲಾಗಿದೆ. ಕುಕ್ಕರಿನ ಬಗ್ಗೆ ಏನೂ ಇರಲಿಲ್ಲ. ಅವ್ವನಿಗೆ ಫೋನ್ ಮಾಡಿ, ಕುಕ್ಕರ್ ನಿನ್ನದೇ ಅಂದೆ.

ಮೊದಲ ಓಟ ಅಕ್ಟೋಬರ್ ಮೊದಲ ಶನಿವಾರ. ಮಹಿಳೆಯರ 6 ಕಿಲೋಮೀಟರ್. ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದಿದ್ದರು. ರಾತ್ರಿ ಮಳೆ ಬಂದು ತಗ್ಗಿನಲ್ಲೆಲ್ಲ ಕೆಸರು. ಚಳಿ ನಾಲ್ಕು ಡಿಗ್ರಿ. ಸುಮಾರು ಇನ್ನೂರು ಹುಡುಗಿಯರು ಒಂದೇ ಗೆರೆಯ ಹಿಂದೆ. ನಮ್ಮ ಜಿಲ್ಲಾ ಕೂಟದಲ್ಲಿ ಬರಿಗಾಲಲ್ಲಿ ಓಡಿ ನನ್ನನ್ನು ಸೋಲಿಸಿದ ಹುಡುಗಿ ಆಗ ನೆನಪಾದಳು. ಅವಳಿಗೆ ಈ ಮೊಳೆ ಬೂಟು ಸಿಕ್ಕಿದ್ದರೆ ಈ ಗುಂಪಿನ ಮುಂದೆ ಇರುತ್ತಿದ್ದಳು.

ಗುಂಡು ಹಾರಿತು. ಮೊದಲ ಕಿಲೋಮೀಟರ್ ಎಲ್ಲರ ಜೊತೆ ಹುಚ್ಚಾಗಿ ಓಡಿದೆ. ಮೂರನೆಯದರಲ್ಲಿ ಅದರ ಬಡ್ಡಿ ಕಟ್ಟಿದೆ. 28 ನಿಮಿಷ 12 ಸೆಕೆಂಡ್, ಹಿಂದಿನಿಂದ ಎಣಿಸಿದರೆ ಬೇಗ ಸಿಗುತ್ತೇನೆ. ಕ್ರಾಸ್ ಕಂಟ್ರಿಯಲ್ಲಿ ತಂಡದ ಮೊದಲ ಐವರ ಸ್ಥಾನ ಕೂಡಿಸುತ್ತಾರೆ, ಕಡಿಮೆ ಬಂದವರು ಗೆದ್ದಂತೆ. ನಾನು ತಂಡದಲ್ಲಿ ಹನ್ನೊಂದನೆಯವಳು, ನನ್ನ ಸ್ಥಾನದಿಂದ ಯಾರಿಗೂ ಲಾಭ ಇಲ್ಲ, ನಷ್ಟ ಇಲ್ಲ. ಆದರೂ ಮುಗಿಸುವ ಗೆರೆಯ ಹತ್ತಿರ ಹತ್ತು ಜನ ಗಂಟಲು ಹರಿಯುವ ಹಾಗೆ ನನ್ನ ಹೆಸರು ಕೂಗುತ್ತಿದ್ದರು. ಉಚ್ಚಾರ ತಪ್ಪು, ಇರಲಿ.

ಎರಡನೇ ಓಟದಲ್ಲಿ 27:31. ಮೂರನೆಯದು ನಮ್ಮ ವಲಯದ ಕೂಟ, 27:40. ಆ ಹೊತ್ತಿಗೆ ಎಡ ಮೊಣಕಾಲಿನ ಕೆಳಗೆ ನೋವು ಶುರುವಾಗಿತ್ತು. ಬೆಳಗ್ಗೆ ಓಟ, ರಾತ್ರಿ ಫ್ರಿಸ್ಬಿ, ನಡುವೆ ಊಟ ಅಂದರೆ ಪಾಸ್ತಾ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಸಂಗ್ರಹ ತೀರಾ ಕಡಿಮೆ ಬಂತು. ಸಸ್ಯಾಹಾರಿ ಓಟಗಾರ್ತಿಯರು ಇದನ್ನು ಊರಲ್ಲೇ ಒಮ್ಮೆ ನೋಡಿಸಿಕೊಳ್ಳಿ. ಎನ್‌ಸಿಎಎ ನಿಯಮದಂತೆ ವಾರಕ್ಕೊಂದು ದಿನ ತಂಡಕ್ಕೆ ಕಡ್ಡಾಯ ರಜೆ. ನಾನು ಆ ದಿನವೂ ತಟ್ಟೆ ಹಿಡಿಯಲು ಹೋಗುತ್ತಿದ್ದೆ. ಟ್ರೇನರ್‌ಗೆ ಗೊತ್ತಾಗಿ ಚೆನ್ನಾಗಿ ಬೈಸಿಕೊಂಡೆ. ನವೆಂಬರ್ ಮಧ್ಯದ ಪ್ರಾದೇಶಿಕ ಕೂಟಕ್ಕೆ ತಂಡದಿಂದ ಏಳೇ ಜನ, ನನ್ನ ಸೀಸನ್ ಅಲ್ಲಿಗೆ ಮುಗಿಯಿತು.

ಓದಿನ ಮಾತು ಒಂದು. ವಾರ್ಸಿಟಿಯಲ್ಲಿ ಆಡಲು ಸೆಮಿಸ್ಟರ್‌ಗೆ ಪೂರ್ತಿ ಹೊರೆ, ಅಂದರೆ ಸಾಮಾನ್ಯವಾಗಿ 12 ಕ್ರೆಡಿಟ್ ಇರಲೇಬೇಕು. ಎಫ್-1 ವೀಸಾಗೂ ಅದೇ. ಸುಸ್ತಾಯಿತು ಅಂತ ಅಕ್ಟೋಬರ್‌ನಲ್ಲಿ ಒಂದು ವಿಷಯ ಕೈಬಿಡಲು ಹೊರಟಿದ್ದೆ. ಅಡ್ವೈಸರ್ ತಡೆದರು. ಬಿಟ್ಟಿದ್ದರೆ 11 ಆಗುತ್ತಿತ್ತು. ತಂಡದ ಜೊತೆ ವೀಸಾ ಕೂಡ ಕೈಬಿಡುತ್ತಿತ್ತು.

ಖರ್ಚು ಕೇಳುವವರಿಗೆ: ವಾರ್ಸಿಟಿಯಲ್ಲಿ ಪ್ರಯಾಣ, ಸ್ಪರ್ಧೆಯ ದಿನದ ಊಟ, ಸಮವಸ್ತ್ರ ಕಾಲೇಜಿನದು. ನನ್ನ ಕೈಯಿಂದ ಹೋದದ್ದು ಆ ಪ್ರಮಾಣದ ಶುಲ್ಕ, ತಪಾಸಣೆ, ವಿಮೆ, ಎರಡು ಜೊತೆ ಬೂಟಿಗೆ 190 ಡಾಲರ್, ಚಳಿಗೆ ಕೈಗವಸು, ಟೊಪ್ಪಿಗೆ. ಟಿಕೆಟ್ ಬದಲಿಸಿದ್ದು ಬಿಟ್ಟು ಒಟ್ಟು 550 ಡಾಲರ್ ಹತ್ತಿರ. ಕ್ಲಬ್ಬಿನಲ್ಲಿ ಚಂದಾ, ಒಂದು ಟೂರ್ನಿ, ಮೊಳೆ ಬೂಟು ಸೇರಿ 170. ವಾರ್ಸಿಟಿ ದುಬಾರಿ ಅಂತ ಇದರಿಂದ ಅನಿಸಬಹುದು. ಆದರೆ ಕ್ಲಬ್ಬಿನಲ್ಲಿ ಕಾಲು ನೋವಾದರೆ ಐಸ್ ಚೀಲ ನೀವೇ ಕೊಳ್ಳಬೇಕು. ವಾರ್ಸಿಟಿಯಲ್ಲಿ ಟ್ರೇನರ್ ದಿನಾ ಕರೆದು ನೋಡುತ್ತಾರೆ.

ಮೊನ್ನೆ ಸಮವಸ್ತ್ರ ವಾಪಸ್ ಕೊಡಲು ಹೋದೆ. ಹೌದು, ವಾಪಸ್ ಕೊಡಬೇಕು. ನೆಲಮಾಳಿಗೆಯ ಸಾಮಾನು ಕೋಣೆಯಲ್ಲಿ ವಯಸ್ಸಾದ ಒಬ್ಬರು ಪಟ್ಟಿ ಹಿಡಿದು ಕೂತಿದ್ದರು. ಜೆರ್ಸಿ ಒಂದು, ಚಡ್ಡಿ ಒಂದು, ಜಾಕೆಟ್ ಒಂದು, ಬ್ಯಾಗ್ ಒಂದು. ಟಿಕ್, ಟಿಕ್. ಜಾಕೆಟ್ ಜೊತೆಯ ಪ್ಯಾಂಟಿನ ಹತ್ತಿರ ನಿಂತರು. ಪ್ಯಾಂಟು ನನ್ನ ಹತ್ತಿರ ಇರಲಿಲ್ಲ. ಕೊಟ್ಟೇ ಇರಲಿಲ್ಲ ಅಂದೆ. ಪಟ್ಟಿಯಲ್ಲಿ ಇದೆ ಅಂದರು. ನನ್ನ ಆಗಸ್ಟ್‌ನ ಸಹಿ ತೋರಿಸಿದರು, ಅಷ್ಟೊಂದು ಸಹಿ ಮಾಡುವಾಗ ಇದನ್ನು ಓದಿರಲೇ ಇಲ್ಲ. 40 ಡಾಲರ್ ವಿದ್ಯಾರ್ಥಿ ಖಾತೆಗೆ ಬೀಳುತ್ತದಂತೆ, ಬಾಕಿ ಇದ್ದರೆ ಮುಂದಿನ ಸೆಮಿಸ್ಟರ್ ನೋಂದಣಿ ತಡೆಯುತ್ತಾರಂತೆ. ಆಕ್ಷೇಪ ಇದ್ದರೆ ಫಾರಂ ತುಂಬಬಹುದು ಅಂದರು. ಅದು ಹನ್ನೆರಡನೆಯದು. ಅಲ್ಲೇ ನಿಂತು ತುಂಬಿದೆ, ಸಹಿ ಮಾಡುವ ಮೊದಲು ಎರಡು ಸಲ ಓದಿದೆ, ಫೋಟೋ ತೆಗೆದುಕೊಂಡೆ. ಎಂಟೂವರೆಗೆ ಫ್ರಿಸ್ಬಿ ಅಭ್ಯಾಸ ಇತ್ತು. ಕಾಲು ನೋವು ಹೋಗುವ ತನಕ ಓಡಬಾರದು ಅಂತ ಟ್ರೇನರ್ ಹೇಳಿದ್ದಾರೆ, ಅದಕ್ಕೆ ಬದಿಯಲ್ಲಿ ಕೂತು ಚಂದಾ ವಸೂಲಿ ಮಾಡಿದೆ. ಇಬ್ಬರು ಇನ್ನೂ ಕೊಟ್ಟಿಲ್ಲ.